ಕುಂಡದ ನಿಂಬೆ ಗಿಡದ ಚಿಗುರು ಯಾಕೆ ಹಳದಿ ಆಗ್ತಿದೆ?

ಪ್ರಶ್ನೆ: ಸರ್ ನಮಸ್ತೆ, ನಮ್ದು ಹಾಸನ. ಟೆರೇಸ್ ಮೇಲೆ ದೊಡ್ಡ ಪಾಟಲ್ಲಿ ನಿಂಬೆ ಗಿಡ ಇದೆ, ಮೂರು ವರ್ಷ ಆಯ್ತು, ಬೋರ್ ನೀರೇ ಹಾಕೋದು. ಈ ಬೇಸಿಗೆಯಿಂದ ಚಿಗುರೆಲ್ಲಾ ಹಳದಿ, ಹೂವೂ ಉದುರ್ತಿದೆ. ಡಿಎಪಿ ಹಾಕ್ದೆ, ಮೊಟ್ಟೆ ಸಿಪ್ಪೆ ಪುಡಿ ಮಾಡಿ ಹಾಕ್ದೆ. ಚಿಕ್ಕಮಗಳೂರಲ್ಲಿರೋ ನನ್ನ ತಂಗಿ ಕಾಫಿ ತೋಟದ ಮಣ್ಣಲ್ಲಿ ಇದೇ ಗಿಡ ಬೆಳ್ಸಿದಾಳೆ, ಒಲೆ ಬೂದಿ ಹಾಕು ಅಂದ್ಲು, ಅದನ್ನೂ ಹಾಕ್ದೆ. ಇನ್ನೂ ಜಾಸ್ತಿ ಆಯ್ತು. ಯಾವ ಗೊಬ್ಬರ ಹಾಕ್ಲಿ?

ಉತ್ತರ: ಅಕ್ಕ, ಸದ್ಯಕ್ಕೆ ಯಾವ ಗೊಬ್ಬರಾನೂ ಬೇಡ. ನೀವು ಕಳ್ಸಿರೋ ಫೋಟೋದಲ್ಲಿ ಎಳೆ ಎಲೆ ಪೂರ್ತಿ ಹಳದಿ, ನರ ಮಾತ್ರ ಹಸಿರು, ಕೆಳಗಿನ ಹಳೆ ಎಲೆ ಚೆನ್ನಾಗೇ ಇದೆ. ಇದು ಕಬ್ಬಿಣ ಸಿಗ್ದೆ ಇರೋ ಲಕ್ಷಣ. ಸಾರಜನಕ ಕಮ್ಮಿ ಆಗಿದ್ರೆ ಹಳೆ ಎಲೆ ಮೊದ್ಲು ಒಂದೇ ಸಮ ಹಳದಿ ಆಗೋದು, ಮೆಗ್ನೀಷಿಯಂ ಆದ್ರೂ ಹಳೆ ಎಲೆಯಿಂದಾನೇ ಶುರು, ಯಾಕಂದ್ರೆ ಇವೆರಡನ್ನೂ ಗಿಡ ಹಳೆ ಎಲೆಯಿಂದ ತೆಗ್ದು ಚಿಗುರಿಗೆ ಕಳ್ಸುತ್ತೆ, ಕಬ್ಬಿಣಾನ ಹಂಗೆ ಸಾಗಿಸೋಕೆ ಅದ್ರ ಕೈಲಿ ಆಗಲ್ಲ.

ಕಬ್ಬಿಣ ನಿಮ್ಮ ಪಾಟಲ್ಲೇ ಇದೆ, ಬೇರಿಗೆ ಸಿಗ್ತಿಲ್ಲ ಅಷ್ಟೆ. ಪಾಟ್ ಅಂಚಲ್ಲಿ ಬಿಳಿ ಪುಡಿ ಕಟ್ಕೊಂಡಿರೋದು ಫೋಟೋದಲ್ಲೇ ಕಾಣುತ್ತೆ, ಗೀಸರ್ ಕಾಯಿಲ್ ಮೇಲೆ ಕೂರುತ್ತಲ್ಲ ಅದೇ ಜಾತಿ. ಗಡಸು ನೀರಲ್ಲಿರೋ ಬೈಕಾರ್ಬೊನೇಟು ಮೂರು ವರ್ಷದಿಂದ ದಿನಾ ಸ್ವಲ್ಪ ಸ್ವಲ್ಪ ಮಣ್ಣಿನ ಪಿಎಚ್ (ಹುಳಿ, ಸುಣ್ಣದ ಗುಣ ಅಳೆಯೋ ಅಂಕಿ, 7ಕ್ಕಿಂತ ಕಮ್ಮಿ ಇದ್ರೆ ಹುಳಿ, ಜಾಸ್ತಿ ಇದ್ರೆ ಸುಣ್ಣದ ಗುಣ) ಏರಿಸ್ತಾ ಬಂದಿದೆ, ಹೊಲದಲ್ಲಾದ್ರೆ ಮಣ್ಣು ಎಷ್ಟೋ ತಡ್ಕೊಳುತ್ತೆ, ಪಾಟಲ್ಲಿ ಇರೋ ನಾಲ್ಕು ಬೊಗಸೆ ಮಣ್ಣು ಎಲ್ಲಿ ತಡ್ಕೊಳುತ್ತೆ ಹೇಳಿ. ನಿಂಬೆಗೆ 6ರಿಂದ 6.5 ಹಿತ. 7 ದಾಟಿದ್ರೆ ಕಬ್ಬಿಣ ಕರಗದ ರೂಪಕ್ಕೆ ಹೋಗ್ಬಿಡುತ್ತೆ. ಅದ್ರ ಮೇಲೆ ಬೂದಿ, ಮೊಟ್ಟೆ ಸಿಪ್ಪೆ ಎರಡೂ ಸುಣ್ಣದ ಗುಣದವು, ಡಿಎಪಿಯ ರಂಜಕ ಜಾಸ್ತಿ ಆದ್ರೆ ಅದೂ ಕಬ್ಬಿಣಾನ ಹಿಡ್ಕೊಳುತ್ತೆ.

ತಂಗಿ ಹೇಳಿದ್ದು ಅವ್ರ ಮಣ್ಣಿಗೆ ಸರಿ. ಮಲೆನಾಡಲ್ಲಿ ಮಳೆಗೆ ಸುಣ್ಣದ ಅಂಶ ತೊಳ್ಕೊಂಡು ಹೋಗಿ ಮಣ್ಣು ಹುಳಿ ಆಗಿರುತ್ತೆ, ಅದಕ್ಕೇ ಕಾಫಿ ತೋಟಕ್ಕೆ ಸುಣ್ಣ ಹಾಕೋದು.

ಮೊದ್ಲು ಅಳೀರಿ. ಪಾಟಿನ ಮೇಲ್ಮಣ್ಣು ಬಿಟ್ಟು ಒಳಗಿಂದ ಒಂದು ಹಿಡಿ ತೆಗ್ದು, ಅದ್ರ ಎರಡೂವರೆ ಪಟ್ಟು ಡಿಸ್ಟಿಲ್ಡ್ ವಾಟರಲ್ಲಿ ಕಲಕಿ, ಅರ್ಧ ಗಂಟೆ ಬಿಟ್ಟು ಪಿಎಚ್ ಪಟ್ಟಿ ಅದ್ದಿ ನೋಡಿ. ಬೋರ್ ನೀರನ್ನೂ ನೋಡಿ. ಮಣ್ಣಿಗೆ ಚುಚ್ಚೋ ಅಗ್ಗದ ಮೀಟರ್ ನಂಬ್ಬೇಡಿ, ನಾನು ಎರಡು ತಗೊಂಡು ಒಂದೇ ಪಾಟಲ್ಲಿ ಚುಚ್ಚಿದ್ರೆ ಒಂದು 6 ಅಂತು ಇನ್ನೊಂದು 7.5 ಅಂತು. ಪಟ್ಟಿ ಬಗ್ಗೆ ಅನುಮಾನ ಇದ್ರೆ ಕಂದಲಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ಪರೀಕ್ಷೆ ಬಗ್ಗೆ ವಿಚಾರ್ಸಿ.

ಈಗ ಮಳೆ ಇದೆಯಲ್ಲ, ತಾರಸಿ ನೀರು ಡ್ರಮ್ಮಲ್ಲಿ ಹಿಡೀರಿ. 20 ಲೀಟರ್ ಪಾಟಾದ್ರೆ 40 ಲೀಟರ್ ಮಳೆ ನೀರನ್ನ ನಿಧಾನಕ್ಕೆ ಹುಯ್ದು ಕೆಳಗಿಂದ ಹರಿಯೋಕೆ ಬಿಡಿ, ಉಪ್ಪು ತೊಳ್ಕೊಂಡು ಹೋಗುತ್ತೆ, ಕೆಳಗಿನ ತಟ್ಟೆ ತೆಗ್ದಿಡಿ, ಇಲ್ಲಾಂದ್ರೆ ಅದೇ ನೀರು ವಾಪಸ್ ಹೀರ್ಕೊಳುತ್ತೆ. ಮಳೆ ನೀರು ಮುಗಿದ ಮೇಲೆ ಬೋರ್ ನೀರಿಗೆ ಚಿಟಿಕೆ ಚಿಟಿಕೆ ಸಿಟ್ರಿಕ್ ಆಸಿಡ್ ಹಾಕಿ ಪಟ್ಟೀಲಿ ನೋಡ್ತಾ 6.5ಕ್ಕೆ ತಂದು ಹಾಕಿ. ಅಳತೆ ನನ್ನ ಕೇಳ್ಬೇಡಿ, ಒಂದೊಂದು ಬೋರ್ ನೀರಿಗೆ ಒಂದೊಂದಾಗುತ್ತೆ.

ಚಿಗುರಿಗೆ ಬೇಗ ಆಸರೆ ಬೇಕು ಅಂದ್ರೆ ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್, ಅಂದ್ರೆ ಕಬ್ಬಿಣದ ಲವಣ), 1 ಗ್ರಾಂ ಸಿಟ್ರಿಕ್ ಆಸಿಡ್ ಕಲಸಿ ಸಂಜೆ ಹೊತ್ತು ಎಲೆಗೆ ಸಿಂಪಡಿಸಿ, ಹದಿನೈದು ದಿನ ಬಿಟ್ಟು ಇನ್ನೊಂದ್ಸಲ. ಅನ್ನಭೇದೀನ ಈ ಮಣ್ಣಿಗೆ ಹಾಕಿದ್ರೆ ದಂಡ, ಅಲ್ಲೇ ಕಟ್ಕೊಂಡುಬಿಡುತ್ತೆ. ಮಣ್ಣಿಗೇ ಬೇಕಂದ್ರೆ ಇಡಿಡಿಎಚ್‌ಎ ಅಂತ ಬರೆದಿರೋ ಕೀಲೇಟ್ ಕಬ್ಬಿಣ (ಮಣ್ಣಲ್ಲಿ ಕಟ್ಕೊಳ್ದೆ ಕರಗೇ ಇರೋ ಹಾಗೆ ಮಾಡಿರೋದು) ಕೇಳಿ, ಇಡಿಟಿಎ ಅಂತ ಬರೆದಿರೋ ಕೀಲೇಟು ಪಿಎಚ್ 6.5 ದಾಟಿದ್ರೆ ಅಷ್ಟಾಗಿ ಕೆಲಸ ಮಾಡಲ್ಲ.

ಹಳದಿ ಆಗಿರೋ ಎಲೆ ಕೀಳ್ಬೇಡಿ, ಪೂರ್ತಿ ಹಸಿರಾಗ್ದೇ ಇದ್ರೂ ಪರವಾಗಿಲ್ಲ, ಹೊಸ ಚಿಗುರಿನ ಬಣ್ಣ ನೋಡಿ. ಅದು ಹಸಿರು ಬಂದ್ಮೇಲೆ ಒಂದು ಹಿಡಿ ಎರೆಗೊಬ್ಬರ, ಹದಿನೈದು ದಿನಕ್ಕೊಮ್ಮೆ ಲೀಟರ್ ನೀರಿಗೆ 1 ಗ್ರಾಂ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮ ಇರೋ ಗೊಬ್ಬರ) ಸಾಕು.