ಸಿಂಕ್ ಪಕ್ಕದ ಸಾಕೆಟ್ ಎಷ್ಟು ದೂರ ಇರಬೇಕು?

ಪ್ರಶ್ನೆ: ಅಡುಗೆಮನೆಯ ಕಟ್ಟೆ ಒಡೆದು ಹೊಸದಾಗಿ ಮಾಡಿಸುತ್ತಿದ್ದೇವೆ. ಹಳೆಯ ಪ್ಲಗ್ ಪಾಯಿಂಟ್ ನಲ್ಲಿಯಿಂದ ಒಂದು ಗೇಣು ದೂರದಲ್ಲಿದೆ. ಮಿಕ್ಸಿಗೆ ಅದನ್ನೇ ಬಳಸುತ್ತೇವೆ. ನೀರಿನ ಫಿಲ್ಟರ್‌ಗೆ ಸಿಂಕ್ ಕೆಳಗೆ ಇನ್ನೊಂದು ಪಾಯಿಂಟ್ ಕೊಡುತ್ತೇವೆ ಎನ್ನುತ್ತಾರೆ ಕೆಲಸದವರು. "ಎಂಸಿಬಿ ಇದೆಯಲ್ಲ, ಏನಾದರೂ ಆದರೆ ಟ್ರಿಪ್ ಆಗುತ್ತದೆ" ಎಂಬುದು ಅವರ ಮಾತು. ನಂಬಬಹುದೇ?

ಉತ್ತರ: ಖಂಡಿತ ನಂಬಬೇಡಿ. ಗೋಡೆ ಇನ್ನೂ ಒಡೆದಿರುವಾಗಲೇ ಕೇಳಿದಿರಿ, ನನಗೆ ನಿಜಕ್ಕೂ ಸಮಾಧಾನವಾಯಿತು. ಟೈಲ್ಸ್ ಕೂತ ಮೇಲೆ ಸಾಕೆಟ್ ಸರಿಸಲು ಯಾರಿಗೂ ಮನಸ್ಸು ಬರುವುದಿಲ್ಲ.

ಎಂಸಿಬಿ ಎಂದರೆ ಕರೆಂಟು ಮಿತಿ ಮೀರಿದರೆ ತಾನಾಗಿ ಬೀಳುವ ಸ್ವಿಚ್. ಅದು ಕಾಯುವುದು ವೈರನ್ನು, ಮನುಷ್ಯನನ್ನಲ್ಲ. 16 ಆಂಪಿಯರ್ ಎಂಸಿಬಿ ಬೀಳಬೇಕಾದರೆ 16ಕ್ಕಿಂತ ಜಾಸ್ತಿ ಕರೆಂಟು ಹರಿಯಬೇಕು. ಆದರೆ ಮೈಯೊಳಗೆ 0.05 ಆಂಪಿಯರ್ ಒಂದೆರಡು ಸೆಕೆಂಡು ಹರಿದರೂ ಎದೆಬಡಿತ ಕೆಟ್ಟು ಜೀವಕ್ಕೆ ಕುತ್ತು ಬರಬಹುದು. ಸಣ್ಣದೊಂದು ಎಲ್‌ಇಡಿ ಬಲ್ಬ್ ಉರಿಯಲು ಬೇಕಾಗುವುದೂ ಸುಮಾರು ಅಷ್ಟೇ ಕರೆಂಟು. ಬಲ್ಬ್ ಹಾಕಿದರೆ ಎಂಸಿಬಿ ಬೀಳುತ್ತದೆಯೇ? ಇಲ್ಲ ಅಲ್ವಾ?

ನಿಮಗೆ ಬೇಕಾದದ್ದು ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದರೆ ಬೀಳುವ ಸ್ವಿಚ್, ಅದೂ 30 ಮಿಲಿ ಆಂಪಿಯರ್‌ನದು (0.03 ಆಂಪಿಯರ್). ಫೇಸ್‌ನಲ್ಲಿ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ಪೂರ್ತಿ ವಾಪಸ್ ಬಂತೇ ಎಂದು ಅದು ನೋಡುತ್ತಲೇ ಇರುತ್ತದೆ. ಒಂದಿಷ್ಟು ಕರೆಂಟು ನಿಮ್ಮ ಕೈಯಿಂದ ನೆಲಕ್ಕೆ ಇಳಿದರೆ ಲೆಕ್ಕ ತಪ್ಪುತ್ತದೆ, ತಕ್ಷಣ ಲೈನ್ ಕಟ್ ಆಗುತ್ತದೆ. ಅದರ ಮೇಲೆ 'ಟಿ' ಎಂದು ಬರೆದ ಒಂದು ಬಟನ್ ಇರುತ್ತದೆ. ಆಗಾಗ ಒತ್ತಿ ನೋಡಿ. ಒತ್ತಿದಾಗ ಬೀಳದಿದ್ದರೆ ಅದನ್ನು ಬದಲಾಯಿಸಲೇಬೇಕು. ಇನ್ನೊಂದು ಮಾತು: ಒಂದೇ ಹೊತ್ತಿಗೆ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಮುಟ್ಟಿ, ನೆಲಕ್ಕೆ ಏನೂ ಹರಿಯದಿದ್ದರೆ ಆರ್‌ಸಿಸಿಬಿಗೂ ಅದು ಗೊತ್ತಾಗುವುದಿಲ್ಲ. ಹಾಗಾಗಿ ಅದನ್ನು ಹಾಕಿಸಿದ ಮೇಲೂ ಸಾಕೆಟ್ ದೂರವೇ ಇರಬೇಕು.

ಎಷ್ಟು ದೂರ? ಬ್ರಿಟನ್ನಿನ ಎಲೆಕ್ಟ್ರಿಷಿಯನ್‌ಗಳು ಸಿಂಕಿನ ಅಂಚಿನಿಂದ ಪಕ್ಕಕ್ಕೆ ಕನಿಷ್ಠ 30 ಸೆಂ.ಮೀ. ಬಿಡುತ್ತಾರೆ. ಅಷ್ಟು ಸಾಲದು ಎನ್ನುವವನು ನಾನು. ಪಾತ್ರೆ ತೊಳೆಯುತ್ತಾ ನಿಂತು, ಒದ್ದೆ ಕೈ ಚಾಚಿ ನೋಡಿ. ಆ ಕೈಗೆ ಸಾಕೆಟ್ ಎಟುಕಬಾರದು. ಮಿಕ್ಸಿ ಹಾಕಬೇಕೆಂದರೆ ಎರಡು ಹೆಜ್ಜೆ ಪಕ್ಕಕ್ಕೆ ಹೋಗುವಂತಿರಲಿ. ಹೋಗುವಾಗ ಕೈ ಒರೆಸಿಕೊಳ್ಳುವುದು ತಾನಾಗಿಯೇ ಆಗುತ್ತದೆ.

ಸಿಂಕ್ ಕೆಳಗಿನ ಪಾಯಿಂಟ್ ಬಗ್ಗೆ ನನಗೆ ಇನ್ನೂ ಹೆಚ್ಚು ಭಯ. ಅಲ್ಲಿ ಏನಾಗುತ್ತಿದೆ ಎಂದು ಯಾರೂ ಬಗ್ಗಿ ನೋಡುವುದಿಲ್ಲ. ಒಂದು ಮನೆಯಲ್ಲಿ ನಲ್ಲಿ ಮುಟ್ಟಿದರೆ ಜುಮ್ ಎನ್ನುತ್ತದೆ ಎಂದು ಕರೆದಿದ್ದರು. ಮೇನ್ ಆಫ್ ಮಾಡಿ, ಟಾರ್ಚ್ ಹಿಡಿದು ಸಿಂಕಿನ ಕೆಳಗೆ ತಲೆ ಹಾಕಿದೆ. ಪೈಪಿನ ಜಾಯಿಂಟ್‌ನಲ್ಲಿ ಸಣ್ಣ ಸೋರಿಕೆ. ಒಂದೊಂದೇ ಹನಿ ಫಿಲ್ಟರಿನ ವೈರ್ ಮೇಲೆ ಬಿದ್ದು, ವೈರ್ ಹಿಡಿದುಕೊಂಡೇ ಜಾರಿ ನೇರ ಪ್ಲಗ್ಗಿನೊಳಗೆ ಹೋಗುತ್ತಿತ್ತು. ಸಾಕೆಟ್ ಬಿಚ್ಚಿದರೆ ಸ್ಕ್ರೂಗಳ ಸುತ್ತ ಹಸಿರು ಪುಡಿ, ಪ್ಲಾಸ್ಟಿಕ್ ಒಂದು ಕಡೆ ಕಪ್ಪಾಗಿ ಕರಗಿತ್ತು. ಸೋರಿದ ಕರೆಂಟನ್ನು ನೆಲಕ್ಕೆ ಒಯ್ಯುವ ಅರ್ಥ್ ವೈರನ್ನು ಸಾಕೆಟ್ಟಿಗೆ ಸಿಕ್ಕಿಸಿಯೇ ಇರಲಿಲ್ಲ, ಪೆಟ್ಟಿಗೆಯೊಳಗೆ ಸುಮ್ನೆ ಮಡಚಿಟ್ಟಿದ್ದರು. ಮಕ್ಕಳಿರುವ ಮನೆ ಅದು. ಈಗ ನೆನೆದರೂ ಮನಸ್ಸಿಗೆ ಕಸಿವಿಸಿಯಾಗುತ್ತದೆ.

ಫಿಲ್ಟರ್ ಪಾಯಿಂಟನ್ನು ಪಕ್ಕದ ಕಪಾಟಿನೊಳಗೆ ಕೊಡಿಸಿ, ನಡುವಿನ ಹಲಗೆಗೆ ತೂತು ಕೊರೆದು ವೈರ್ ತನ್ನಿ. ವೈರ್ ಪ್ಲಗ್ಗಿಗಿಂತ ಕೆಳಗೆ ಇಳಿದು, ಆಮೇಲೆ ಮೇಲೇರಿ ಪ್ಲಗ್ಗಿಗೆ ಬರಲಿ. ಹನಿ ಬಿದ್ದರೂ ಆ ತಗ್ಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಸ್ವಿಚ್ ಮಾತ್ರ ಕಟ್ಟೆಯ ಮೇಲೆ, ನೀರಿನಿಂದ ದೂರ ಇರಲಿ. ಟೈಲ್ಸ್ ಹಾಕುವ ಮೊದಲು ಪ್ರತಿ ಸಾಕೆಟ್ಟಿಗೂ ಅರ್ಥ್ ಸಿಕ್ಕಿದೆಯೇ ಎಂದು ಮಲ್ಟಿಮೀಟರ್ ಇಟ್ಟು ತೋರಿಸಲು ಹೇಳಿ. ನೀವೇ ಪಕ್ಕದಲ್ಲಿ ನಿಂತು ನೋಡಿ.

ಪ್ರಶ್ನೆ: ಬಚ್ಚಲುಮನೆಯಲ್ಲಿ ವಾಷಿಂಗ್ ಮೆಷಿನ್‌ಗೆ ಸಾಕೆಟ್ ಬೇಕು. ಎತ್ತರದಲ್ಲಿ ಹಾಕಿ, ಮುಚ್ಚಳ ಇರುವ ಬಾಕ್ಸ್ ಕೊಟ್ಟರೆ ಸಾಕಲ್ಲವೇ?

ಉತ್ತರ: ಎತ್ತರ ಒಂದೇ ಸಾಲದು. ವಿದ್ಯುತ್ ಮಾನದಂಡ ರೂಪಿಸುವ ಅಂತರರಾಷ್ಟ್ರೀಯ ಸಂಸ್ಥೆ ಐಇಸಿಯ ನಿಯಮದ ಪ್ರಕಾರ ಸ್ನಾನದ ತೊಟ್ಟಿಯ ಅಂಚಿನಿಂದ 60 ಸೆಂ.ಮೀ. ಒಳಗೆ, ನೆಲದಿಂದ 2.25 ಮೀಟರ್ ಎತ್ತರದವರೆಗೆ ಇಂಥ ಸಾಕೆಟ್ ಇರಬಾರದು. ತೊಟ್ಟಿಯಿಲ್ಲದೆ ನೆಲಕ್ಕೇ ನೀರು ಬೀಳುವ ಶವರ್ ಆದರೆ 120 ಸೆಂ.ಮೀ. ಬಿಡಬೇಕು. ಬ್ರಿಟನ್ ಇನ್ನೂ ಬಿಗಿ. ಅಲ್ಲಿ 3 ಮೀಟರ್ ಇದ್ದದ್ದು 2022ರಲ್ಲಿ 2.5 ಮೀಟರ್ ಆಯಿತು. ಸಣ್ಣ ಬಚ್ಚಲಲ್ಲಿ ಅಷ್ಟು ಜಾಗವೇ ಸಿಗುವುದಿಲ್ಲ.

ಮುಚ್ಚಳದ ಬಾಕ್ಸ್ ಚೆಲ್ಲಿದ ನೀರು ತಡೆಯುತ್ತದೆ, ಪ್ಲಗ್ ಹಾಕಿದಾಗಲೂ ಮುಚ್ಚಳ ಪೂರ್ತಿ ಕೂರುವಂತಿದ್ದರೆ ಮಾತ್ರ. ಒದ್ದೆ ಮೈಯಲ್ಲಿ ಅದನ್ನು ತೆರೆಯುವ ಕೈಯನ್ನು ಅದು ತಡೆಯದು. ಗೋಡೆಯ ಹೊರಮೈಗೆ ಸಾಕೆಟ್ ಕೊಡಿಸಿ, ಮೆಷಿನ್ನನ್ನೂ ಹೊರಗೇ ಇಡಿ. ನೀರಿನ ಪೈಪುಗಳನ್ನು ಗೋಡೆ ದಾಟಿಸುವುದು ಪ್ಲಂಬರ್‌ಗೆ ಅರ್ಧ ದಿನದ ಕೆಲಸ.