ಅಪ್‌ಡೇಟ್ ಅರ್ಧಕ್ಕೇ ನಿಂತಿತೇ? ಎಲ್ಲಿ ನಿಂತಿತು ಅಂತ ಮೊದಲು ನೋಡಿ

ಈ ಸಲ ಬಂದ ಪ್ರಶ್ನೆಗಳಲ್ಲಿ ಜಾಸ್ತಿ ಇದ್ದದ್ದು ಒಂದೇ ತೊಂದರೆ: ಅಪ್‌ಡೇಟ್ ಇನ್‌ಸ್ಟಾಲ್ ಆಗುತ್ತಿಲ್ಲ. ಉತ್ತರಕ್ಕೆ ಹೋಗುವ ಮೊದಲು ಎಲ್ಲರಿಗೂ ಒಂದು ಮಾತು. ‘ಫೇಲ್ ಆಯಿತು’ ಅಂದರೆ ಅಷ್ಟರಿಂದ ಏನೂ ಗೊತ್ತಾಗುವುದಿಲ್ಲ. ಎಲ್ಲಿಗೆ ಬಂದು ಫೇಲ್ ಆಯಿತು ಅನ್ನುವುದು ಬೇಕು. ಡೌನ್‌ಲೋಡ್ ಆಗುವಾಗಲೇ? ಇನ್‌ಸ್ಟಾಲ್ ಆಗುವಾಗ? ರೀಸ್ಟಾರ್ಟ್ ಆದ ಮೇಲೆ? ಮೂರಕ್ಕೂ ಮದ್ದು ಬೇರೆ ಬೇರೆ. ಇನ್ನೊಂದು ವಿಷಯ: ಇಲ್ಲಿ ಕಮಾಂಡ್‌ಗಳನ್ನು ಕನ್ನಡದಲ್ಲಿ ಬರೆದಿದ್ದೇನೆ, ನೀವು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

ಪ್ರಶ್ನೆ: ಸರ್, ನನ್ನದು ವಿಂಡೋಸ್ 11 ಲ್ಯಾಪ್‌ಟಾಪ್. ಮೂರು ತಿಂಗಳಿಂದ ಅಪ್‌ಡೇಟ್ ಆಗಿಲ್ಲ. ಡೌನ್‌ಲೋಡ್ ಪೂರ್ತಿ ಆಗುತ್ತೆ. ರೀಸ್ಟಾರ್ಟ್ ಆದಮೇಲೆ 35 ಪರ್ಸೆಂಟ್‌ವರೆಗೆ ಹೋಗಿ, ಮಾಡಿದ ಬದಲಾವಣೆ ರದ್ದು ಮಾಡುತ್ತಿದ್ದೇವೆ ಅಂತ ತೋರಿಸಿ ಮೊದಲಿನ ಸ್ಥಿತಿಗೇ ಬಂದುಬಿಡುತ್ತೆ. ದಿನಾ ರಾತ್ರಿ ಶಟ್‌ಡೌನ್ ಮಾಡುತ್ತೇನೆ. ವಿಡಿಯೊ ನೋಡಿ ಸಾಫ್ಟ್‌ವೇರ್ ಡಿಸ್ಟ್ರಿಬ್ಯೂಷನ್ ಫೋಲ್ಡರ್ ಖಾಲಿ ಮಾಡಿದ್ದೂ ಆಯಿತು. ಎಲ್ಲರೂ ಫಾರ್ಮ್ಯಾಟ್ ಮಾಡಿಸು ಅಂತಾರೆ. ಮಾಡಿಸಲಾ?

ಉತ್ತರ: ಬೇಡ, ಇನ್ನೂ ಆ ಹಂತಕ್ಕೆ ಬಂದಿಲ್ಲ. ಬದಲಾವಣೆ ರದ್ದಾಗುವುದು ನೋಡಿದರೆ ಗಾಬರಿ ಆಗುತ್ತೆ, ನಿಜ. ಆದರೆ ಅದು ಒಳ್ಳೆಯ ಸೂಚನೆಯೇ. ಮುಂದೆ ಹೋದರೆ ಸಿಸ್ಟಂ ಕೆಡುತ್ತದೆ ಅಂತ ತಿಳಿದು ವಿಂಡೋಸ್ ತಾನಾಗಿಯೇ ಹಿಂದಕ್ಕೆ ಬಂದಿದೆ. ನಿಮ್ಮ ಫೈಲ್‌ಗಳು ಇದ್ದ ಹಾಗೇ ಇವೆ. ಆ ಹೊತ್ತಿನಲ್ಲಿ ಪವರ್ ಬಟನ್ ಒತ್ತಿ ಹಿಡಿಯಬೇಡಿ, ಎಷ್ಟೇ ತಡವಾದರೂ ಕಾಯಿರಿ.

ಡೌನ್‌ಲೋಡ್ ಸರಿಯಾಗಿ ಮುಗಿಯುತ್ತಿದೆ ಅಂದಿದ್ದೀರಿ. ಹಾಗಾದರೆ ನೀವು ಖಾಲಿ ಮಾಡಿದ ಫೋಲ್ಡರ್‌ನಲ್ಲಿ ತಪ್ಪು ಇದ್ದಿರುವ ಸಾಧ್ಯತೆ ಕಡಿಮೆ. ಅದು ಡೌನ್‌ಲೋಡ್ ಆದ ಫೈಲ್‌ಗಳು ಕೂರುವ ಜಾಗ. ಡೌನ್‌ಲೋಡ್ ಅರ್ಧಕ್ಕೆ ನಿಂತವರಿಗೆ ಆ ಉಪಾಯ ಚೆನ್ನಾಗಿ ಕೆಲಸ ಮಾಡುತ್ತೆ. ನಿಮ್ಮದು ರೀಸ್ಟಾರ್ಟ್ ಆದಮೇಲೆ ಕೈಕೊಡುತ್ತಿದೆ. ಹಾಗಾಗಿ ಅನುಮಾನ ಹೋಗುವುದು ಡ್ರೈವರ್ (ಪ್ರಿಂಟರ್‌ನಂಥ ಭಾಗಗಳನ್ನು ನಡೆಸುವ ಸಾಫ್ಟ್‌ವೇರ್), ಆಂಟಿವೈರಸ್, ಇಲ್ಲವೇ ಕೆಟ್ಟುಹೋದ ಸಿಸ್ಟಂ ಫೈಲ್ ಕಡೆಗೆ.

ಮೊದಲು ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ ಅಪ್‌ಡೇಟ್, ಅದರೊಳಗೆ ಅಪ್‌ಡೇಟ್ ಹಿಸ್ಟರಿ ತೆರೆಯಿರಿ. ಫೇಲ್ ಆದ ಅಪ್‌ಡೇಟ್ ಪಕ್ಕದಲ್ಲಿ ಒಂದು ಎರರ್ ಕೋಡ್ ಇರುತ್ತೆ. ಅದನ್ನೂ, ಕೆಬಿ ಎಂದು ಶುರುವಾಗುವ, ಆ ಅಪ್‌ಡೇಟ್‌ನ ಗುರುತಿನ ಸಂಖ್ಯೆಯನ್ನೂ ಒಂದು ಚೀಟಿಯಲ್ಲಿ ಬರೆದಿಡಿ. ಮುಂದೆ ಯಾರ ಸಹಾಯ ಕೇಳಿದರೂ ಮೊದಲು ಕೇಳುವುದು ಇದನ್ನೇ.

ಆಮೇಲೆ ಒಂದು ಪರೀಕ್ಷೆ ಮಾಡಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಪರ್ಫಾರ್ಮೆನ್ಸ್‌ಗೆ ಹೋಗಿ ಸಿಪಿಯು ಮೇಲೆ ಕ್ಲಿಕ್ ಮಾಡಿ. ಕೆಳಗೆ ‘ಅಪ್ ಟೈಮ್’ ಅಂತ ಇರುತ್ತೆ. ಅಲ್ಲಿ 23:04:11:52 ಅಂತ ಇದ್ದರೆ 23 ದಿನ, 4 ಗಂಟೆ, 11 ನಿಮಿಷ, 52 ಸೆಕೆಂಡ್ ಎಂದು ಅರ್ಥ. ದಿನಾ ಶಟ್‌ಡೌನ್ ಮಾಡುವವರ ಲ್ಯಾಪ್‌ಟಾಪ್‌ನಲ್ಲೂ ಹೀಗೆ ತೋರಿಸುವುದುಂಟು. ಕಾರಣ ‘ಫಾಸ್ಟ್ ಸ್ಟಾರ್ಟಪ್’. ಅದು ಆನ್ ಇದ್ದರೆ ಶಟ್‌ಡೌನ್ ಮಾಡಿದಾಗ ವಿಂಡೋಸ್‌ನ ಒಳಭಾಗ ಪೂರ್ತಿ ಮುಚ್ಚುವುದಿಲ್ಲ. ಇದ್ದ ಸ್ಥಿತಿಯನ್ನೇ ಡಿಸ್ಕ್‌ನಲ್ಲಿ ಬರೆದಿಟ್ಟು, ಬೆಳಿಗ್ಗೆ ಅದನ್ನೇ ಮತ್ತೆ ಎತ್ತಿಕೊಳ್ಳುತ್ತದೆ. ರೀಸ್ಟಾರ್ಟ್‌ನಲ್ಲಿ ಹಾಗಾಗುವುದಿಲ್ಲ, ಎಲ್ಲವೂ ಹೊಸದಾಗಿ ಶುರುವಾಗುತ್ತೆ. ಆದ್ದರಿಂದ ಅಪ್‌ಡೇಟ್ ಶುರು ಮಾಡುವ ಮುಂಚೆಯೇ ಒಂದು ಸಲ ರೀಸ್ಟಾರ್ಟ್ ಮಾಡಿಕೊಳ್ಳಿ. ಎಷ್ಟೋ ಸಲ ಇಷ್ಟರಲ್ಲೇ ಮುಗಿಯುತ್ತೆ.

ಮುಗಿಯದಿದ್ದರೆ ಪೆನ್‌ಡ್ರೈವ್, ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್, ಮೆಮೊರಿ ಕಾರ್ಡ್, ಪ್ರಿಂಟರ್ ಎಲ್ಲ ತೆಗೆದಿಡಿ. ಬೇರೆ ಕಂಪನಿಯ ಆಂಟಿವೈರಸ್ ಇದ್ದರೆ ಅನ್‌ಇನ್‌ಸ್ಟಾಲ್ ಮಾಡಿ. ಸುಮ್ನೆ ಆಫ್ ಮಾಡಿದರೆ ಸಾಲದು, ಅದರ ಡ್ರೈವರ್‌ಗಳು ಒಳಗೇ ಕೂತಿರುತ್ತವೆ. ಆ ಹೊತ್ತಿಗೆ ವಿಂಡೋಸ್‌ನದೇ ಆಂಟಿವೈರಸ್ ಆದ ಡಿಫೆಂಡರ್ ನಿಮ್ಮನ್ನು ನೋಡಿಕೊಳ್ಳುತ್ತೆ.

ಈಗ ರಿಪೇರಿ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ, ಟರ್ಮಿನಲ್ (ಕಮಾಂಡ್ ಟೈಪ್ ಮಾಡುವ ಕಿಟಕಿ) ಅನ್ನು ಅಡ್ಮಿನ್ ಆಗಿ ತೆರೆಯಿರಿ. ಮೊದಲನೇ ಕಮಾಂಡ್: ಡಿಐಎಸ್ಎಂ /ಆನ್‌ಲೈನ್ /ಕ್ಲೀನಪ್-ಇಮೇಜ್ /ರಿಸ್ಟೋರ್‌ಹೆಲ್ತ್. ಪ್ರತಿ ಓರೆಗೆರೆಯ ಮುಂಚೆ ಒಂದು ಸ್ಪೇಸ್ ಇರಲಿ. ಅದು ಮುಗಿದ ಮೇಲೆ ಎರಡನೆಯದು: ಎಸ್ಎಫ್‌ಸಿ /ಸ್ಕ್ಯಾನ್‌ನೌ. ಈ ಕ್ರಮ ತಪ್ಪಿಸಬೇಡಿ. ಎಸ್ಎಫ್‌ಸಿಗೆ ಕೆಟ್ಟ ಫೈಲ್ ಸಿಕ್ಕಾಗ ಅದು, ವಿಂಡೋಸ್ ತನ್ನಲ್ಲೇ ಇಟ್ಟುಕೊಂಡಿರುವ ದಾಸ್ತಾನಿನಿಂದ ಒಳ್ಳೆಯ ಪ್ರತಿ ತಂದು ಹಾಕುತ್ತದೆ. ಆ ದಾಸ್ತಾನೇ ಕೆಟ್ಟಿದ್ದರೆ? ಅದನ್ನು ಸರಿಮಾಡುವುದು ಡಿಐಎಸ್ಎಂ. ಅದಕ್ಕೇ ಅದು ಮೊದಲು. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಅದು 62.3 ಪರ್ಸೆಂಟ್‌ಗೆ ಬಂದು ಬಹಳ ಹೊತ್ತು ಅಲುಗಾಡದೆ ನಿಲ್ಲುತ್ತೆ. ಸತ್ತುಹೋಯಿತು ಅಂದುಕೊಂಡು ಕಿಟಕಿ ಮುಚ್ಚಬೇಡಿ, ಒಳಗೆ ಕೆಲಸ ನಡೆಯುತ್ತಿರುತ್ತದೆ. ಎಸ್ಎಫ್‌ಸಿ ಕೊನೆಗೆ ಕೆಲವು ಫೈಲ್ ಸರಿಮಾಡಲು ಆಗಲಿಲ್ಲ ಅಂದರೆ ರೀಸ್ಟಾರ್ಟ್ ಮಾಡಿ ಇನ್ನೊಮ್ಮೆ ಓಡಿಸಿ.

ಇಷ್ಟಕ್ಕೂ ಬಗ್ಗದಿದ್ದರೆ, ಫಾರ್ಮ್ಯಾಟ್ ಮಾಡದೆಯೇ ವಿಂಡೋಸ್ ಅನ್ನು ಅದರ ಮೇಲೇ ಮತ್ತೆ ಕೂರಿಸಬಹುದು. ಸೆಟ್ಟಿಂಗ್ಸ್, ಸಿಸ್ಟಂ, ರಿಕವರಿ. ಅಲ್ಲಿ ವಿಂಡೋಸ್ ಅಪ್‌ಡೇಟ್ ಮೂಲಕ ತೊಂದರೆ ಸರಿಮಾಡುವ ಆಯ್ಕೆ, ಅದರ ಪಕ್ಕ ‘ರೀಇನ್‌ಸ್ಟಾಲ್ ನೌ’ ಬಟನ್ ಇದ್ದರೆ ಒತ್ತಿ. ಫೈಲ್, ಆ್ಯಪ್, ಸೆಟ್ಟಿಂಗ್ ಎಲ್ಲ ಉಳಿಯುತ್ತವೆ. ಆ ಬಟನ್ ಇಲ್ಲದಿದ್ದರೆ ಮೈಕ್ರೋಸಾಫ್ಟ್ ಸೈಟ್‌ನಿಂದ ಐಎಸ್ಒ (ಇಡೀ ವಿಂಡೋಸ್ ಇರುವ ಒಂದೇ ಫೈಲ್) ಇಳಿಸಿಕೊಂಡು, ವಿಂಡೋಸ್ ಓಡುತ್ತಿರುವಾಗಲೇ ಅದರೊಳಗಿನ ಸೆಟಪ್ ತೆರೆದು, ಫೈಲ್ ಮತ್ತು ಆ್ಯಪ್ ಉಳಿಸಿಕೊಳ್ಳುವ ಆಯ್ಕೆ ಕೊಡಿ.

ದಯವಿಟ್ಟು ಈ ಕೆಲಸಕ್ಕೆ ಕೈಹಾಕುವ ಮುನ್ನ ಎರಡು ಎಚ್ಚರ. ಮುಖ್ಯ ಫೈಲ್‌ಗಳನ್ನು ಬೇರೆ ಡಿಸ್ಕ್‌ಗೆ ಕಾಪಿ ಮಾಡಿ. ಬಿಟ್‌ಲಾಕರ್ (ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನ ಸೌಲಭ್ಯ) ಆನ್ ಇದೆಯಾ ನೋಡಿ, ಇದ್ದರೆ ಅದರ 48 ಅಂಕಿಯ ರಿಕವರಿ ಕೀ ಬರೆದು ಬೇರೆ ಕಡೆ ಇಡಿ. ಆ ಕೀ ಇಲ್ಲದೆ ಮಕ್ಕಳ ಫೋಟೊಗಳನ್ನು ಪೂರ್ತಿ ಕಳೆದುಕೊಂಡವರನ್ನು ಎದುರಿಗೇ ನೋಡಿದ್ದೇನೆ. ನಾನು ಏನೂ ಮಾಡಲಾಗಲಿಲ್ಲ. ಅಂಥ ದಿನ ನಿಮಗೆ ಬರಬಾರದು.

ಅಂದ ಹಾಗೆ, ತಪ್ಪಿಹೋದ ಮೂರು ತಿಂಗಳಿನದನ್ನೂ ಒಂದೊಂದಾಗಿ ಹಾಕಬೇಕಿಲ್ಲ. ತಿಂಗಳ ಅಪ್‌ಡೇಟ್‌ನಲ್ಲಿ ಹಿಂದಿನವೂ ಸೇರಿರುತ್ತವೆ. ಕೊನೆಯದೊಂದು ಆದರೆ ಸಾಕು.

ಪ್ರಶ್ನೆ: ಸಿ ಡ್ರೈವ್‌ನಲ್ಲಿ 90 ಜಿಬಿ ಖಾಲಿ ಇದೆ. ಆದರೂ ವಿಂಡೋಸ್ 11ಕ್ಕೆ ಹೋಗಲು ಹೊರಟರೆ ಸಿಸ್ಟಂ ರಿಸರ್ವ್ಡ್ ಪಾರ್ಟಿಷನ್ ಅಪ್‌ಡೇಟ್ ಮಾಡಲು ಆಗಲಿಲ್ಲ ಅಂತ ಬರುತ್ತೆ. ಇನ್ನೆಷ್ಟು ಜಾಗ ಬೇಕು?

ಉತ್ತರ: ಬೇಕಾಗಿರುವುದು ಸುಮಾರು 15 ಎಂಬಿ ಅಷ್ಟೇ. ಆದರೆ ಸಿ ಡ್ರೈವ್‌ನಲ್ಲಿ ಅಲ್ಲ. ಕಂಪ್ಯೂಟರ್ ಶುರುವಾಗಲು ಬೇಕಾದ ಫೈಲ್‌ಗಳಿಗೆ ಅಂತಲೇ ಡಿಸ್ಕ್‌ನಲ್ಲಿ ಬೇರೆ ಒಂದು ಪುಟ್ಟ ಪಾರ್ಟಿಷನ್, ಅಂದರೆ ವಿಭಾಗ, ಇದೆ. ಎಷ್ಟೋ ಕಂಪ್ಯೂಟರ್‌ಗಳಲ್ಲಿ ಅದು ಬರೀ 100 ಎಂಬಿ. ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಕಾಣುವುದೇ ಇಲ್ಲ. ಬೇರೆ ಪ್ರೋಗ್ರಾಂಗಳು ಅಲ್ಲಿ ಏನಾದರೂ ಬರೆದಿಟ್ಟರೆ ಬೇಗ ತುಂಬಿಬಿಡುತ್ತೆ.

ಉಪಾಯ ಇದೆ. ಅಡ್ಮಿನ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ‘ಮೌಂಟ್‌ವಾಲ್ ವೈ: /ಎಸ್’ ಕೊಟ್ಟರೆ ಆ ಪಾರ್ಟಿಷನ್‌ಗೆ ವೈ ಅನ್ನುವ ಹೆಸರು ಸಿಗುತ್ತೆ. ಅದರಲ್ಲಿ ಇಎಫ್‌ಐ, ಮೈಕ್ರೋಸಾಫ್ಟ್, ಬೂಟ್, ಫಾಂಟ್ಸ್ ಅಂತ ಒಂದರೊಳಗೊಂದು ಫೋಲ್ಡರ್ ಇವೆ. ಕೊನೆಯ ಫಾಂಟ್ಸ್ ಒಳಗಿನ ಫೈಲ್‌ಗಳನ್ನು ಮಾತ್ರ ಅಳಿಸಿ. ಈ ದಾರಿಯನ್ನು ಮೈಕ್ರೋಸಾಫ್ಟ್‌ನವರೇ ಹೇಳಿದ್ದಾರೆ. ಅದೇ ಪಾರ್ಟಿಷನ್‌ನಲ್ಲಿ ಬೇರೆ ಒಂದು ಫೈಲ್ ಅಳಿಸಿದರೂ ಕಂಪ್ಯೂಟರ್ ಏಳದೇ ಹೋಗಬಹುದು. ಕಮಾಂಡ್ ಅಭ್ಯಾಸ ಇಲ್ಲದಿದ್ದರೆ ಗೊತ್ತಿದ್ದವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಮಾಡಿ.

ಇದರ ಅಣ್ಣ-ತಮ್ಮನಂಥ ಇನ್ನೊಂದು ತೊಂದರೆ 2024ರ ಜನವರಿಯಲ್ಲಿ ಬಂದಿತ್ತು. ವಿಂಡೋಸ್ 10ಕ್ಕೆ ಬಂದ ಕೆಬಿ5034441 ಅಪ್‌ಡೇಟ್‌ಗೆ ರಿಕವರಿ ಪಾರ್ಟಿಷನ್‌ನಲ್ಲಿ (ವಿಂಡೋಸ್ ಕೆಟ್ಟಾಗ ರಿಪೇರಿಗೆ ಬೇಕಾದ ಫೈಲ್‌ಗಳ ಜಾಗ) 250 ಎಂಬಿ ಖಾಲಿ ಜಾಗ ಬೇಕಿತ್ತು. ಅಷ್ಟಿಲ್ಲದ ಕಂಪ್ಯೂಟರ್‌ಗಳಲ್ಲಿ ಬಂದ ಕೋಡ್‌ನ ಕೊನೆಯಲ್ಲಿ 80070643 ಇತ್ತು. ಜಾಗ ಸಾಲದು ಅಂತ ಅದು ಬಾಯಿಬಿಟ್ಟು ಹೇಳಲೇ ಇಲ್ಲ. ಬಳಸುವವರ ತಪ್ಪು ಅಲ್ಲಿ ಏನೂ ಇರಲಿಲ್ಲ. ಕೋಡ್‌ನ ಕೊನೆಯಲ್ಲಿ 80070070 ಬಂದರೆ ಮಾತ್ರ ನೇರ ಅರ್ಥ, ಡಿಸ್ಕ್ ತುಂಬಿದೆ.

ಪ್ರಶ್ನೆ: ಉಬುಂಟುವಿನಲ್ಲಿ (ವಿಂಡೋಸ್ ಬದಲು ಬಳಸುವ ಲಿನಕ್ಸ್ ಸಿಸ್ಟಂ) ಅಪ್‌ಗ್ರೇಡ್ ಅರ್ಧಕ್ಕೆ ನಿಂತಿದೆ. /ಬೂಟ್‌ನಲ್ಲಿ ಜಾಗ ಇಲ್ಲ ಅನ್ನುತ್ತೆ. ಅಲ್ಲಿರುವ ಹಳೆಯ ಫೈಲ್‌ಗಳನ್ನು ಡಿಲೀಟ್ ಮಾಡಲೇ?

ಉತ್ತರ: ಕೈಯಿಂದ ಡಿಲೀಟ್ ಮಾಡಬೇಡಿ. /ಬೂಟ್ ಅಂದರೆ ಕಂಪ್ಯೂಟರ್ ಶುರುವಾಗಲು ಬೇಕಾದ ಫೈಲ್‌ಗಳ ಜಾಗ. ಪ್ರತಿ ಸಲ ಹೊಸ ಕರ್ನಲ್ (ಸಿಸ್ಟಂನ ತಿರುಳು) ಬಂದಾಗ ಹಳೆಯದೂ ಅಲ್ಲೇ ಉಳಿದಿರುತ್ತೆ. ಅವನ್ನು ತೆಗೆಯುವ ಕೆಲಸ, ಸಾಫ್ಟ್‌ವೇರ್ ಹಾಕುವ-ತೆಗೆಯುವ ಪ್ಯಾಕೇಜ್ ಮ್ಯಾನೇಜರ್‌ನದು. ನಾವು ಹಿಂದಿನಿಂದ ಅಳಿಸಿದರೆ ಅದರ ಲೆಕ್ಕ ತಪ್ಪುತ್ತೆ. ‘ಸುಡೊ ಏಪ್ಟ್ ಆಟೊರಿಮೂವ್ --ಪರ್ಜ್’ ಕೊಡಿ. ಆಮೇಲೆ ‘ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ’. ಅರ್ಧಕ್ಕೆ ನಿಂತ ಪ್ಯಾಕೇಜ್‌ಗಳು ಅಲ್ಲಿಂದ ಮುಂದುವರಿಯುತ್ತವೆ. ಲಾಕ್ ಆಗಿದೆ ಅಂತ ಬಂದರೆ ಹಿನ್ನೆಲೆಯಲ್ಲಿ ಇನ್ನೊಂದು ಅಪ್‌ಡೇಟ್ ನಡೆಯುತ್ತಿರಬಹುದು. ಲಾಕ್ ಫೈಲ್ ಕಿತ್ತುಹಾಕುವ ಸಲಹೆ ಎಲ್ಲ ಕಡೆ ಸಿಗುತ್ತೆ, ಅದನ್ನು ಕೇಳಬೇಡಿ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿ.

ಪ್ರಶ್ನೆ: ಇಷ್ಟೆಲ್ಲ ತಲೆನೋವು ಯಾಕೆ? ಅಪ್‌ಡೇಟ್‌ಗಳನ್ನೇ ಪೂರ್ತಿ ನಿಲ್ಲಿಸಿದರೆ ಆಗಲ್ವಾ?

ಉತ್ತರ: ನಿಮ್ಮ ಬೇಸರ ಅರ್ಥವಾಗುತ್ತೆ. ಮುಖ್ಯ ಕೆಲಸದ ನಡುವೆ ಕಂಪ್ಯೂಟರ್ ಅರ್ಧ ಗಂಟೆ ಕೈಗೆ ಸಿಗದಿದ್ದರೆ ಯಾರಿಗಾದರೂ ಸಿಟ್ಟು ಬರುತ್ತೆ. ಆದರೂ ನಿಲ್ಲಿಸಬೇಡಿ ಅಂತ ಕೈಮುಗಿದು ಕೇಳುತ್ತೇನೆ. 2017ರ ಮಾರ್ಚ್ 14ರಂದು ಮೈಕ್ರೋಸಾಫ್ಟ್ ವಿಂಡೋಸ್‌ನ ಒಂದು ದೋಷ ಮುಚ್ಚುವ ಅಪ್‌ಡೇಟ್ ಕೊಟ್ಟಿತು. ಅದೇ ದೋಷದ ಮೂಲಕ ವನ್ನಾಕ್ರೈ (ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್) ದಾಳಿ ಶುರುವಾಗಿದ್ದು ಮೇ 12ರಂದು. ನಡುವೆ ಸುಮಾರು ಎರಡು ತಿಂಗಳು ಇತ್ತು. ಆ ಎರಡು ತಿಂಗಳಲ್ಲಿ ಅಪ್‌ಡೇಟ್ ಹಾಕಿಕೊಂಡ ಕಂಪ್ಯೂಟರ್‌ಗಳಿಗೆ ಆ ದಾರಿಯಲ್ಲಿ ಅದು ನುಗ್ಗಲಾಗಲಿಲ್ಲ. ಹಾಕಿಕೊಳ್ಳದ ಕಡೆ ಫೈಲ್‌ಗಳಿಗೆಲ್ಲ ಬೀಗ ಬಿತ್ತು. ಬ್ರಿಟನ್ನಿನ ಆಸ್ಪತ್ರೆಗಳು ರೋಗಿಗಳನ್ನು ವಾಪಸ್ ಕಳಿಸಬೇಕಾಯಿತು.

ನಿಲ್ಲಿಸುವ ಬದಲು ಮುಂದೂಡಿ. ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ‘ಪಾಜ್’ (Pause) ಬಟನ್ ಇದೆ, ಐದು ವಾರದವರೆಗೆ ತಡೆಹಿಡಿಯಬಹುದು. ತಿಂಗಳ ಅಪ್‌ಡೇಟ್ ಬರುವುದು ಅಮೆರಿಕದ ಲೆಕ್ಕದಲ್ಲಿ ಎರಡನೇ ಮಂಗಳವಾರ. ಒಂದು ವಾರ ಬಿಟ್ಟು, ಕೆಲಸ ಇಲ್ಲದ ಹೊತ್ತಿನಲ್ಲಿ, ಚಾರ್ಜರ್ ಹಾಕಿಕೊಂಡು ನೀವೇ ಶುರು ಮಾಡಿ.

ಪ್ರಶ್ನೆ: ಹಳೆಯ ಡೆಸ್ಕ್‌ಟಾಪ್. ಅಪ್‌ಡೇಟ್ ಹುಡುಕುವ ಹಂತದಲ್ಲೇ ಎರರ್. ಕೋಡ್‌ನ ಕೊನೆಯಲ್ಲಿ 80072ಎಫ್8ಎಫ್ ಅಂತಿದೆ. ಇಂಟರ್ನೆಟ್ ಚೆನ್ನಾಗಿದೆ.

ಉತ್ತರ: ಪರದೆಯ ಮೂಲೆಯಲ್ಲಿರುವ ತಾರೀಖು ನೋಡಿ, ವರ್ಷವನ್ನೂ ನೋಡಿ. ಈ ಕೋಡ್ ಬಂದಾಗ ಮೊದಲ ಅನುಮಾನ ಗಡಿಯಾರದ ಮೇಲೆ. ಸರ್ವರ್ ತಾನು ಅಸಲಿ ಅಂತ ತೋರಿಸುವ ಪ್ರಮಾಣಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ ಇರುತ್ತೆ. ನಿಮ್ಮ ಕಂಪ್ಯೂಟರ್ ಹತ್ತು ವರ್ಷ ಹಿಂದಿನ ತಾರೀಖಿನಲ್ಲಿದ್ದರೆ ಆ ಪತ್ರ ನಂಬಿಕೆಗೆ ಅರ್ಹವಲ್ಲ ಅಂತ ತೀರ್ಮಾನಿಸಿ ಸಂಪರ್ಕ ಕಡಿದುಬಿಡುತ್ತೆ. ತಾರೀಖು ಸರಿಮಾಡಿ ಮತ್ತೆ ಪ್ರಯತ್ನಿಸಿ. ಪ್ಲಗ್ ತೆಗೆದು ಹಾಕಿದಾಗಲೆಲ್ಲ ತಾರೀಖು ಮತ್ತೆ ಹಿಂದಕ್ಕೆ ಹೋಗುತ್ತಿದ್ದರೆ ಮದರ್‌ಬೋರ್ಡ್ ಮೇಲಿನ ನಾಣ್ಯದಂಥ ಬ್ಯಾಟರಿ ಮುಗಿದಿದೆ. ಸಾಮಾನ್ಯವಾಗಿ ಅದು ಸಿಆರ್2032. ಹೊಸದು ಹಾಕುವ ಮುಂಚೆ ಪ್ಲಗ್ ಪೂರ್ತಿ ತೆಗೆಯಿರಿ, ಹಳೆಯದರ ಮೇಲಿರುವ ನಂಬರ್ ನೋಡಿಕೊಂಡು ಅದೇ ನಂಬರಿನದನ್ನು ತನ್ನಿ.