ಓದುಗರ ಪ್ರಶ್ನೆ, ನಮ್ಮ ಉತ್ತರ: ಹಳೆಯ ಗಿಟಾರ್ ಮನೆಗೆ ಬಂದಾಗ

ಪ್ರಶ್ನೆ: ಪುಣೆಯಲ್ಲಿರುವ ಅಣ್ಣ ತನ್ನ ಹಳೆಯ ಯಮಾಹಾ ಗಿಟಾರನ್ನು ಪಾರ್ಸಲ್‌ನಲ್ಲಿ ಕಳಿಸುತ್ತಿದ್ದಾನೆ. ಒಳಗಿನ ಕೆಂಪು ಚೀಟಿಯ ಮೇಲೆ ‘ನಿಪ್ಪೊನ್ ಗಕ್ಕಿ’ ಎಂದಿದೆಯಂತೆ. ಎಷ್ಟು ಹಳೆಯದಿರಬಹುದು? ಬಂದ ಕೂಡಲೇ ಏನು ಮಾಡಬೇಕು?
(ಟಿಳಕವಾಡಿ, ಬೆಳಗಾವಿ)

ಉತ್ತರ: ನಿಪ್ಪೊನ್ ಗಕ್ಕಿ ಯಮಾಹಾ ಕಂಪನಿಯದೇ ಹಳೆಯ ಹೆಸರು. 1987ರಲ್ಲಿ ಅದು ಯಮಾಹಾ ಕಾರ್ಪೊರೇಶನ್ ಆಯಿತು. ಕೆಂಪು ಚೀಟಿಯ ಮೇಲೆ ಎಫ್‌ಜಿ-180 ಅಥವಾ ಎಫ್‌ಜಿ-150 ಎಂದಿದ್ದರೆ ಅದು 1966ರಿಂದ ಎಪ್ಪತ್ತರ ದಶಕದ ಆರಂಭದೊಳಗೆ ತಯಾರಾದದ್ದು. ಮೇಲ್ಹಲಗೆ ಪ್ಲೈವುಡ್ಡಿನದು. ಪ್ಲೈ ಎಂದು ಮೂಗು ಮುರಿಯಬೇಡಿ. ಅದು ಸೀಳುವುದು ಕಡಿಮೆ, ಅದಕ್ಕೇ ಇಷ್ಟು ವರ್ಷ ಬಾಳಿದೆ.

ಅಣ್ಣನಿಗೆ ಈಗಲೇ ಫೋನ್ ಮಾಡಿ. ತಂತಿಗಳನ್ನು ಒಂದು ಅಥವಾ ಎರಡು ಸ್ವರ ಇಳಿಸಲಿ, ಪೂರ್ತಿ ಸಡಿಲ ಬಿಡುವುದು ಬೇಡ. ದಾರಿಯಲ್ಲಿ ಮುರಿಯುವುದು ಹೆಚ್ಚಾಗಿ ತಲೆಯ ಬುಡ, ಅಂದರೆ ನಟ್‌ನ (ತಂತಿಗಳು ತಲೆಗೆ ಹೋಗುವ ಮುನ್ನ ಕೂರುವ ಗೀರುಪಟ್ಟಿ) ಹಿಂಭಾಗ. ಪೆಟ್ಟಿಗೆ ಬೆನ್ನಡಿಯಾಗಿ ಬಿದ್ದಾಗ ತಲೆ ಜೋತಾಡಿ ಅಲ್ಲಿ ಸೀಳುತ್ತದೆ. ಹಾಗಾಗಿ ತಲೆಯ ಕೆಳಗೂ ಅಕ್ಕಪಕ್ಕದಲ್ಲೂ ಬಟ್ಟೆ ತುರುಕಿ ಕದಲದಂತೆ ಮಾಡಬೇಕು. ಕೇಸಿನೊಳಗೆ ಕ್ಯಾಪೋ (ತಂತಿಗಳನ್ನು ಅದುಮಿ ಹಿಡಿಯುವ ಕ್ಲಿಪ್), ಹೆಗಲಪಟ್ಟಿ, ಬಿಡಿ ತಂತಿ ಯಾವುದೂ ಉಳಿಯಬಾರದು.

ಪಾರ್ಸಲ್ ಬಂದ ಮೇಲೆ ರಟ್ಟಿನ ಡಬ್ಬಿ ಬಿಚ್ಚುವುದನ್ನು ವಿಡಿಯೋ ಮಾಡಿ, ಆದರೆ ಒಳಗಿನ ಕೇಸನ್ನು 24 ತಾಸು ಮುಟ್ಟಬೇಡಿ. ಗೋದಾಮಿನ ಬಿಸಿಲಲ್ಲಿ ಕಾದ ಅಥವಾ ರಾತ್ರಿ ಬಸ್ಸಿನ ಚಳಿಗೆ ತಣಿದ ಮರಕ್ಕೆ ಮನೆಯ ಗಾಳಿ ಒಮ್ಮೆಗೇ ತಗುಲಿದರೆ ಹಳೆಯ ಲ್ಯಾಕರ್ (ಮೈಗೆ ಬಳಿದ ಹೊಳಪಿನ ಲೇಪ) ಕೂದಲೆಳೆಯಂತೆ ಬಿರಿಯುತ್ತದೆ. ಆ ಬಿರುಕನ್ನು ಮತ್ತೆ ಮುಚ್ಚಲಾಗದು.

ಮರುದಿನ ಹಗಲು ಬೆಳಕಿನಲ್ಲಿ ನೋಡಿ: ತಲೆಯ ಹಿಂಭಾಗ, ನೆಕ್ (ಉದ್ದನೆಯ ಕತ್ತು) ಒಡಲಿಗೆ ಕೂಡುವ ಜಾಗ, ಬ್ರಿಜ್‌ನ (ತಂತಿಗಳನ್ನು ಒಡಲಿಗೆ ಹಿಡಿದಿಡುವ ಮರದ ತುಂಡು) ಹಿಂದಿನ ಅಂಚು. ಆಮೇಲೆ ಗಿಟಾರಿನ ಬಾಯಿಯೊಳಗೆ ಚಿಕ್ಕ ಕನ್ನಡಿ ಇಳಿಸಿ, ಫೋನಿನ ಬೆಳಕು ಹಾಯಿಸಿ ಹಲಗೆಗೆ ಆಸರೆಯಾದ ಒಳಪಟ್ಟಿಗಳನ್ನು ನೋಡಿ. ಮೇಲ್ಹಲಗೆಯನ್ನು ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟುತ್ತ ಹೋಗಿ. ಗುಂಯ್ ಎನ್ನುವಲ್ಲಿ ಒಂದೆಡೆ ಝರ್ರ್ ಎಂದರೆ ಅಲ್ಲಿನ ಪಟ್ಟಿ ಬಿಟ್ಟಿದೆ. ಕೇಸಿನ ತಳದಲ್ಲಿ ಹಿಟ್ಟಿನಂಥ ಮರದ ಪುಡಿ ಕಂಡರೆ ಹುಳ ಹೊಕ್ಕಿದೆ. ಅದನ್ನು ಮನೆಯ ಬೇರೆ ವಾದ್ಯಗಳಿಂದ ದೂರ ಇಡಿ. ಎಲ್ಲ ಸರಿಯಿದ್ದರೂ ಅಂದೇ ಪೂರ್ತಿ ಶ್ರುತಿಗೆ ಏರಿಸಬೇಡಿ. ಮೊದಲ ದಿನ ಒಂದು ಸ್ವರ ಕೆಳಗೆ, ಮೂರನೆಯ ದಿನ ಪೂರ್ತಿ. 12ರ ಸೆಟ್ಟಿನ (ಅತಿ ತೆಳು ತಂತಿ 0.012 ಇಂಚು ದಪ್ಪ) ಆರು ತಂತಿ ಕೂಡಿ ಎಳೆಯುವ ಬಲ 70 ಕಿಲೋಗೂ ಮಿಕ್ಕಿದ್ದು. 10ರ ಸೆಟ್ ಹಾಕಿದರೆ ಅದು ಸುಮಾರು 60ಕ್ಕೆ ಇಳಿಯುತ್ತದೆ. ಇಷ್ಟು ವಯಸ್ಸಿನ ಮರಕ್ಕೆ ನಮ್ಮ ಮತ ಹತ್ತರ ಸೆಟ್ಟಿಗೇ.

ಪ್ರಶ್ನೆ: ಅಜ್ಜನ ಕಾಲದ ಗಿಟಾರಿನ ತಂತಿ ಎಷ್ಟು ಎತ್ತರವಾಗಿದೆಯೆಂದರೆ ಒತ್ತಿದರೆ ಬೆರಳು ನೋಯುತ್ತದೆ. ಟ್ರಸ್ ರಾಡ್ (ನೆಕ್ ಒಳಗಿನ ಉಕ್ಕಿನ ಸರಳು) ಬಿಗಿ ಮಾಡಿದರೆ ಸಾಕು ಎನ್ನುತ್ತಾರೆ. ಮಾಡಿಸಲೇ?
(ವಿಜಯಪುರ)

ಉತ್ತರ: ಮೊದಲು ರಾಡ್ ಇದೆಯೇ ನೋಡಿ. ಅಮೆರಿಕದ ಮಾರ್ಟಿನ್ ಕಂಪನಿಯೇ ತಿರುಗಿಸಬಲ್ಲ ರಾಡ್ ಹಾಕಲು ಶುರುಮಾಡಿದ್ದು 1985ರಲ್ಲಿ. ಇದ್ದರೂ ಅದರ ಕೆಲಸ ನೆಕ್‌ನ ಬಾಗು ತಿದ್ದುವುದು, ತಂತಿ ಇಳಿಸುವುದಲ್ಲ. ಇವೆರಡನ್ನು ಒಂದೇ ಎಂದುಕೊಂಡು ರಾಡನ್ನು ತಿರುಚಿ ಮುರಿದ ಗಿಟಾರ್‌ಗಳು ಊರೂರಲ್ಲಿ ಸಿಗುತ್ತವೆ.

ಅಳತೆ ಹೀಗೆ. ಬೈಕ್ ಗ್ಯಾರೇಜಿನಲ್ಲಿ ಟ್ಯಾಪೆಟ್ ಹೊಂದಿಸುವ ಫೀಲರ್ ಗೇಜ್ (ಸಂದು ಅಳೆಯುವ ತೆಳು ಉಕ್ಕಿನ ಎಲೆಗಳ ಗೊಂಚಲು) ತನ್ನಿ. ದಪ್ಪ ತಂತಿಯನ್ನು 1ನೇ ಫ್ರೆಟ್‌ನಲ್ಲೂ (ಫ್ರೆಟ್ ಎಂದರೆ ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿ) ನೆಕ್ ಒಡಲಿಗೆ ಸೇರುವ ಫ್ರೆಟ್‌ನಲ್ಲೂ ಒತ್ತಿ ಹಿಡಿದು, 7ನೇ ಫ್ರೆಟ್‌ನ ನೆತ್ತಿಗೂ ತಂತಿಗೂ ನಡುವಿನ ಸಂದು ಅಳೆಯಿರಿ. 0.1ರಿಂದ 0.25 ಮಿ.ಮೀ. ಇದ್ದರೆ ನೆಕ್ ಚೆನ್ನಾಗಿದೆ, ರಾಡ್ ಮುಟ್ಟುವ ಮಾತೇ ಇಲ್ಲ. ಅದಕ್ಕಿಂತ ಹೆಚ್ಚಿದ್ದರೆ ಮಾತ್ರ ಪ್ರದಕ್ಷಿಣವಾಗಿ ಎಂಟನೇ ಒಂದು ಸುತ್ತು ತಿರುಗಿಸಿ, ಒಂದು ದಿನ ಬಿಟ್ಟು ಮತ್ತೆ ಅಳೆಯಿರಿ. ಬಿಗಿ ಅನ್ನಿಸಿದರೆ ಅಲ್ಲಿಗೇ ಕೈಬಿಡಿ.

ಈಗ 12ನೇ ಫ್ರೆಟ್‌ನ ಮೇಲಿನ ಎತ್ತರ. ದಪ್ಪ ತಂತಿ 2.4, ತೆಳು ತಂತಿ 1.8 ಮಿ.ಮೀ. ಇದ್ದರೆ ಕೈಗೆ ಹಗುರ. ನಿಮ್ಮದು 3.4 ಇದೆ ಅನ್ನಿ, 1 ಮಿ.ಮೀ. ಇಳಿಯಬೇಕು. 12ನೇ ಫ್ರೆಟ್ ತಂತಿಯ ನಟ್ಟನಡುವೆ ಇರುವುದರಿಂದ ಸ್ಯಾಡಲ್‌ನಲ್ಲಿ (ಬ್ರಿಜ್ ಮೇಲೆ ತಂತಿ ಕೂರುವ ಪಟ್ಟಿ) ಇದರ ಎರಡು ಪಟ್ಟು, ಅಂದರೆ 2 ಮಿ.ಮೀ. ತೇಯಬೇಕು. ಸ್ಯಾಡಲ್ ಬ್ರಿಜ್‌ನಿಂದ ಮೇಲೆ 4 ಮಿ.ಮೀ. ಎದ್ದಿದ್ದರೆ ತೇಯಿರಿ: ತಳಕ್ಕೆ ಪೆನ್ಸಿಲ್ ಗೆರೆ ಹಾಕಿ, ಗಾಜಿನ ಮೇಲೆ ಹಾಸಿದ 120 ನಂಬರಿನ ಉಪ್ಪುಕಾಗದದಲ್ಲಿ ಸಮನಾಗಿ ಉಜ್ಜಿ. ಎದ್ದಿರುವುದೇ 2.5 ಆಗಿದ್ದರೆ ತೇಯಬೇಡಿ. ತಂತಿ ಸ್ಯಾಡಲ್ ದಾಟಿ ಕೆಳಗೆ ಬಾಗುವ ಕೋನವೇ ಉಳಿಯದೆ ದನಿ ಸಪ್ಪೆಯಾಗುತ್ತದೆ.

ಆಗ ರೋಗ ಬೇರೆ ಕಡೆ ಇದೆ. ಫ್ರೆಟ್‌ಗಳ ಮೇಲೆ ನೇರ ಪಟ್ಟಿ ಇಟ್ಟು ಬ್ರಿಜ್‌ವರೆಗೆ ಚಾಚಿ. ಅದರ ತುದಿ ಬ್ರಿಜ್‌ನ ನೆತ್ತಿಗೆ ಬರಬೇಕು. ನೆತ್ತಿಗಿಂತ ಕೆಳಗೆ ತಾಗಿದರೆ ದಶಕಗಳ ಎಳೆತಕ್ಕೆ ನೆಕ್ ಮುಂದಕ್ಕೆ ವಾಲಿದೆ. ಅದನ್ನು ಬಿಡಿಸಿ ಕೋನ ತಿದ್ದಿ ಮತ್ತೆ ಕೂಡಿಸುವುದು ನುರಿತ ಕೈಯ ಕೆಲಸ, ಖರ್ಚಿನದೂ ಹೌದು.

ಮೂಳೆಯ ಸ್ಯಾಡಲ್ ಮಾಡಿಸಲು ಮಿರಜಕ್ಕೆ ಹೋಗುವವರಿದ್ದಾರೆ. ಅಲ್ಲಿನ ಸಿತಾರ, ತಂಬೂರಿ ಕಾರೀಗರರ ಕೈ ದೊಡ್ಡದೇ. ಆದರೆ ‘ಜವಾರಿ ಬೇಡ’ ಎಂದು ಮೊದಲೇ ಹೇಳಿ. ಜವಾರಿಯೆಂದರೆ ಝೇಂಕಾರ ಬರುವಂತೆ ಮೈ ತಿದ್ದುವುದು: ತಂಬೂರಿಯ ಕುದುರೆಯ (ಬ್ರಿಜ್) ಅಗಲ ಮೈಯ ಮೇಲೆ ತಂತಿ ಸವರುತ್ತ ಝೇಂಕರಿಸಬೇಕು. ಗಿಟಾರಿನ ಸ್ಯಾಡಲ್‌ನಲ್ಲಿ ತಂತಿ ಒಂದೇ ಗೆರೆಯಿಂದ ಸ್ವಚ್ಛವಾಗಿ ಬಿಡಬೇಕು. ಅಲ್ಲಿ ಗುಣವೆನಿಸುವ ನಾದ ಇಲ್ಲಿ ದೋಷ.

ಪ್ರಶ್ನೆ: ನೈಲಾನ್ ತಂತಿಯ ಹಳೆಯ ಗಿಟಾರಿಗೆ ಸ್ಟೀಲ್ ತಂತಿ ಹಾಕಿಸಿದೆ. ದನಿ ಜೋರಾಗಿದೆ, ಆದರೆ ಬ್ರಿಜ್‌ನ ಹಿಂದೆ ಹೊಟ್ಟೆ ಉಬ್ಬಿದಂತೆ ಕಾಣುತ್ತದೆ.
(ನವನಗರ, ಬಾಗಲಕೋಟೆ)

ಉತ್ತರ: ಇವತ್ತೇ ಇಳಿಸಿ. ನೈಲಾನ್ ಸೆಟ್ಟಿನ ಎಳೆತ ಸುಮಾರು 40 ಕಿಲೋ. ಒಳಪಟ್ಟಿಗಳು ಅಷ್ಟಕ್ಕೇ ತೆಳುವಾಗಿ ಕೆತ್ತಿದವು. ನೀವು ಹೇರಿದ್ದು ಅದರ ಒಂದೂವರೆ ಪಟ್ಟಿಗೂ ಹೆಚ್ಚು. ತಲೆಯಲ್ಲಿ ಸೀಳುಗಂಡಿ, 50 ಮಿ.ಮೀ. ದಾಟಿದ ನಟ್, ತಂತಿ ಗಂಟುಹಾಕುವ ಬ್ರಿಜ್ ಮೂರೂ ಕೂಡಿದ್ದರೆ ಅದು ನೈಲಾನಿನದೇ. ಬೇಗ ಇಳಿಸಿದರೆ ಉಬ್ಬು ತಿಂಗಳೊಪ್ಪತ್ತಿನಲ್ಲಿ ಸ್ವಲ್ಪ ತಗ್ಗಬಹುದು.

ಪ್ರಶ್ನೆ: ಬೆಳಗಾವಿಯಿಂದ ವಿಜಯಪುರಕ್ಕೆ ವರ್ಗವಾಯಿತು. ಅಲ್ಲಿ ಚೆನ್ನಾಗಿದ್ದ ಗಿಟಾರಿನ ಫ್ರೆಟ್ ತುದಿಗಳು ಇಲ್ಲಿ ಏಪ್ರಿಲ್‌ನಲ್ಲಿ ಕೈಗೆ ಗೀರುತ್ತಿವೆ.
(ವಿಜಯಪುರ)

ಉತ್ತರ: ಫ್ರೆಟ್ ಬೆಳೆದಿಲ್ಲ, ಮರ ಸೊರಗಿದೆ. ಗಿಟಾರಿನ ಮರಕ್ಕೆ ಹಿತವಾದ ತೇವಾಂಶ ಶೇ. 45ರಿಂದ 55. ವಿಜಯಪುರದ ಬೇಸಿಗೆಯಲ್ಲಿ ಗಾಳಿ ಅದಕ್ಕಿಂತ ತೀರಾ ಒಣಗುತ್ತದೆ. ಬೆಳಗಾವಿಯಲ್ಲಿ ಮೃಗಶಿರ ಮಳೆ ಹಿಡಿದ ಮೇಲೆ ಅದನ್ನು ಎಷ್ಟೋ ದಾಟುತ್ತದೆ. ಒಣಗಿದಾಗ ಹಲಗೆ ಕುಸಿದು ತಂತಿ ಫ್ರೆಟ್‌ಗೆ ತಾಗಿ ಕರಕರ ಎನ್ನುತ್ತದೆ, ಮುಂದುವರಿದರೆ ಎಳೆಯುದ್ದಕ್ಕೂ ಸೀಳುತ್ತದೆ. ತೇವ ಕುಡಿದಾಗ ಹಲಗೆ ಉಬ್ಬಿ ತಂತಿ ಮೇಲೇಳುತ್ತದೆ. ಹಾಗಾಗಿ ಫ್ರೆಟ್ ತುದಿಗಳನ್ನು ಅರದಿಂದ ತಿಕ್ಕಿಸುವ ಆತುರ ಬೇಡ.

ಒಂದು ಡಿಜಿಟಲ್ ಹೈಗ್ರೋಮೀಟರ್ (ತೇವಾಂಶ ಅಳೆಯುವ ಮೀಟರ್) ಕೊಂಡು ಕೇಸಿನಲ್ಲಿಡಿ, ಆದರೆ ಅಗ್ಗದ್ದನ್ನು ಕಣ್ಣುಮುಚ್ಚಿ ನಂಬಬೇಡಿ. ಬಾಟಲಿಯ ಮುಚ್ಚಳದಲ್ಲಿ ಉಪ್ಪು ತುಂಬಿ, ತೊಯ್ದ ಉಸುಕಿನಂತಾಗುವಷ್ಟೇ ನೀರು ಹನಿಸಿ, ಮೀಟರ್ ಜೊತೆ ಜಿಪ್ ಚೀಲದಲ್ಲಿಟ್ಟು ಮುಚ್ಚಿ. ಉಪ್ಪು ಕರಗಿ ನೀರಾಗಬಾರದು. ಹನ್ನೆರಡು ತಾಸಿನ ಮೇಲೆ ಅದು 75 ತೋರಿಸಬೇಕು. 70 ತೋರಿಸಿದರೆ ಮುಂದೆ ಯಾವಾಗಲೂ 5 ಕೂಡಿಸಿ ಓದಿ.

ಬೇಸಿಗೆಗೆ: ಪ್ಲಾಸ್ಟಿಕ್ ಸಾಬೂನು ಡಬ್ಬಿಗೆ ಹತ್ತಿಪ್ಪತ್ತು ತೂತು ಕೊರೆದು, ನೀರಲ್ಲಿ ಅದ್ದಿ ಹನಿ ಬೀಳದಂತೆ ಹಿಂಡಿದ ಸ್ಪಂಜು ತುಂಬಿ, ಕೇಸಿನಲ್ಲಿ ತಲೆಯ ಪಕ್ಕ ಇಡಿ. ಎರಡು ಮೂರು ದಿನಕ್ಕೊಮ್ಮೆ ಮತ್ತೆ ಒದ್ದೆ ಮಾಡಿ. ಮಳೆಗಾಲಕ್ಕೆ ಬೆಳಗಾವಿಗೆ ಮರಳಿದರೆ ಸ್ಪಂಜಿನ ಬದಲು 200 ಗ್ರಾಂ ಸಿಲಿಕಾ ಜೆಲ್, ಅರಿವೆ ಚೀಲದಲ್ಲಿ. ಕೇಸಿನ ಮಖಮಲ್ಲಿಗೆ ಬೂಷ್ಟು ಹಿಡಿದರೆ ಖಾಲಿ ಕೇಸನ್ನು ಬಿಸಿಲಿಗಿಡಿ, ಗಿಟಾರನ್ನಲ್ಲ.

ಪ್ರಶ್ನೆ: ಮಾಸಿದ ಮೈಗೆ ಸ್ಪಿರಿಟ್ ಹಾಕಿ ಒರೆಸಬಹುದೇ? ಫ್ರೆಟ್‌ಬೋರ್ಡಿಗೆ ಕೊಬ್ಬರಿ ಎಣ್ಣೆ?
(ಜಮಖಂಡಿ)

ಉತ್ತರ: ಎರಡೂ ಬೇಡ. ಹಳೆಯ ಗಿಟಾರಿನ ಮೈಗೆ ಅರಗಿನ ಪಾಲಿಶ್ ಇದ್ದರೆ ಸ್ಪಿರಿಟ್‌ಗೆ ಕರಗುತ್ತದೆ, ಲ್ಯಾಕರ್ ಇದ್ದರೆ ಥಿನ್ನರ್‌ಗೆ. ಕೈಗೆ ಹಚ್ಚಿದ ಸ್ಯಾನಿಟೈಸರ್ ಆರದೆ ಮುಟ್ಟಿದರೂ ಕಲೆಯೇ. ಹಳೆಯ ಬನಿಯನ್ ಬಟ್ಟೆಯನ್ನು ಬಾಯಿಯ ಆವಿಯಿಂದ ತೇವ ಮಾಡಿ ಒರೆಸಿದರೆ ಸಾಕು. ಕೊಬ್ಬರಿ, ಶೇಂಗಾ ಎಣ್ಣೆ ಕಮಟು ಹಿಡಿದು ಧೂಳು ಅಂಟಿಸಿಕೊಳ್ಳುತ್ತವೆ. ಔಷಧಿ ಅಂಗಡಿಯ ಲಿಕ್ವಿಡ್ ಪ್ಯಾರಾಫಿನ್ ಇಡೀ ಬೋರ್ಡಿಗೆ ನಾಲ್ಕು ಹನಿ, ವರ್ಷಕ್ಕೆ ಒಂದೆರಡು ಸಲ. ಹತ್ತು ನಿಮಿಷ ಬಿಟ್ಟು ಪೂರ್ತಿ ಒರೆಸಿ ತೆಗೆಯಿರಿ.

ಪ್ರಶ್ನೆ: ಬ್ರಿಜ್ ಹಿಂದೆ ಸ್ವಲ್ಪ ಎದ್ದಿದೆ. ಫೆವಿಕಾಲ್ ಹಾಕಿ ಒತ್ತಿಟ್ಟರೆ?
(ಕ್ಯಾಂಪ್, ಬೆಳಗಾವಿ)

ಉತ್ತರ: ಸಂದಿಗೆ ತೆಳು ಕಾಗದ ತೂರಿಸಿ ನೋಡಿ. 1 ಮಿ.ಮೀ. ಒಳಗೇ ನಿಂತರೆ ಪೆನ್ಸಿಲ್ ಗುರುತು ಹಾಕಿ ತಿಂಗಳಿಗೊಮ್ಮೆ ಪರೀಕ್ಷಿಸಿ. ಅದಕ್ಕಿಂತ ಆಳ ಹೋದರೆ ತಂತಿ ಇಳಿಸಿ, ಬ್ರಿಜ್ ಪೂರ್ತಿ ಬಿಡಿಸಿ ಕೂಡಿಸಬೇಕು. ಮೇಲಿಂದ ಸುರಿದ ಅಂಟು ಹಳೆಯ ಅಂಟಿನ ಮೇಲೆ ಕೂರುತ್ತದೆಯೇ ಹೊರತು ಮರಕ್ಕೆ ಹಿಡಿಯುವುದಿಲ್ಲ. ಹಳೆಯ ಕಾಲದವರು ಬಳಸಿದ್ದು ಮರವಜ್ರ, ಅಂದರೆ ಪ್ರಾಣಿಗಳ ಚರ್ಮ, ಮೂಳೆ ಕುದಿಸಿ ತೆಗೆದ ಅಂಟು. ಅದನ್ನು ಬಿಸಿ ಮಾಡಿ ಬಿಡಿಸಬಹುದು, ಹಳೆಯ ಪದರದ ಮೇಲೆ ಹೊಸದೂ ಕೂಡುತ್ತದೆ. ಫೆವಿಕಾಲ್ ಒಮ್ಮೆ ಮರದೊಳಗೆ ಇಳಿದರೆ ಮರವಜ್ರ ಹಿಡಿಯದು. ಫೆವಿಕ್ವಿಕ್ ಅಂತೂ ಹರಿದುಹೋಗಿ ಲ್ಯಾಕರನ್ನೇ ತಿನ್ನುತ್ತದೆ. ಅಂದಹಾಗೆ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ 60 ಡಿಗ್ರಿ ದಾಟುವುದುಂಟು, ಮರವಜ್ರ ಮೆತ್ತಗಾಗುವುದೂ ಸುಮಾರು ಅಷ್ಟರಲ್ಲೇ. ರಿಪೇರಿಗೆ ಒಯ್ಯುವಾಗ ಡಿಕ್ಕಿಯಲ್ಲಿಟ್ಟು ಊಟಕ್ಕೆ ಇಳಿಯಬೇಡಿ.